ಹಳ್ಳಿಗೊಂದು ಫೋನ್ ಬಳಗ: ಬಿತ್ತನೆಯಿಂದ ಮಂಡಿಯವರೆಗೆ ಮೊಬೈಲ್ ದುಡಿಸಿಕೊಳ್ಳುವುದು ಹೇಗೆ?

ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆ ಪ್ರತಿ ಊರಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಊರಿನ ಅರ್ಧ ಜನ ಫೋನ್ ಹಿಡಿದುಕೊಂಡು ಅವರ ಮನೆ ಬಾಗಿಲಿಗೆ ಬರುತ್ತಾರೆ. "ತಮ್ಮಾ, ಇದೇನೋ ಮೆಸೇಜ್ ಬಂದೈತೆ ನೋಡು", "ಅವ್ವಾ, ಕಿಸಾನ್ ರೊಕ್ಕ ಬಂತೇನು ನೋಡಿ ಹೇಳು". ಈ ಬರಹ ಅವರಿಗಾಗಿ. ಹೇಗಿದ್ದರೂ ಮಾಡುತ್ತಿರುವ ಕೆಲಸವನ್ನೇ ಊರಿನ ರೈತರದೊಂದು ಫೋನ್ ಬಳಗ ಕಟ್ಟಿ ಸ್ವಲ್ಪ ಅಚ್ಚುಕಟ್ಟಾಗಿ ಮಾಡಿದರೆ ಒಂದು ಊರಿನ ಬೇಸಾಯಕ್ಕೆ ಎಷ್ಟು ಆಸರೆ ಆಗಬಹುದು ಅನ್ನುವುದನ್ನು ಹಂತಹಂತವಾಗಿ ಹೇಳುತ್ತೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ರೈತರಿಗೆ ಆ್ಯಪ್‌ಗಳ ಬರ ಇಲ್ಲ. ಸರ್ಕಾರದ್ದು, ಕಂಪನಿಗಳದ್ದು, ವಿಶ್ವವಿದ್ಯಾಲಯಗಳದ್ದು ಬೇಕಾದಷ್ಟಿವೆ. ಕೊರತೆ ಇರುವುದು ಮೂರಕ್ಕೆ: ಸರಿಯಾದ ದಾಖಲೆ, ಸರಿಯಾದ ದಿನಕ್ಕೆ ಬರುವ ಮಾತು, ಆ ಮಾತನ್ನು ನಂಬುವಂತೆ ಹೇಳುವ ಗುರುತಿನ ದನಿ. ಈ ಮೂರು ಇದ್ದರೆ ಕೀಪ್ಯಾಡ್ ಫೋನೂ ಸಾಕು. ಇಲ್ಲದಿದ್ದರೆ ಇಪ್ಪತ್ತು ಸಾವಿರದ ಫೋನಿದ್ದರೂ ರೀಲ್ಸ್ ನೋಡುವುದಕ್ಕಷ್ಟೇ.

ಹಂತ 1: ಯಾರ ಕೈಯಲ್ಲಿ ಯಾವ ಫೋನಿದೆ, ಬರೆದುಕೊಳ್ಳಿ

ವಾಟ್ಸಾಪ್ ಗುಂಪು ಮಾಡುವ ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಮನೆಗೆ ಒಂದು ಸಾಲು. ಹೆಸರು, ಫೋನ್ ಕೀಪ್ಯಾಡೋ ಸ್ಮಾರ್ಟೋ, ಮಳೆಯಾಶ್ರಿತವೋ ಬೋರ್‌ವೆಲ್ಲೋ, ಏನು ಬೆಳೆ. ಇಷ್ಟು ಎಲ್ಲರೂ ಬರೆಯುತ್ತಾರೆ. ಇನ್ನೆರಡು ಪ್ರಶ್ನೆ ಸೇರಿಸಿ: ಹಗಲು ಹೊತ್ತು ಆ ಫೋನ್ ಯಾರ ಹತ್ತಿರ ಇರುತ್ತದೆ? ಹೊಲದಲ್ಲಿ ಸಿಗ್ನಲ್ ಬರುತ್ತದೆಯೇ?

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಅನ್ನುತ್ತಾರೆ. ಕೇಳಿದರೆ ಅದು ದಾವಣಗೆರೆಗೆ ಕಾಲೇಜಿಗೆ ಹೋಗುವ ಮಗನ ಜೇಬಿನಲ್ಲಿ. ಕಳೆ ತೆಗೆಯುವವರು, ಹುಳ ಮೊದಲು ಕಾಣುವವರು ಹೆಂಗಸರು. ಅವರ ಕೈಯಲ್ಲಿ ಫೋನೇ ಇಲ್ಲ, ಇದ್ದರೂ ಕರೆನ್ಸಿ ಇಲ್ಲ. ಹಾಗಾಗಿ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕನ ನಂಬರ್ ಬಳಗದಲ್ಲಿ ಇರಲೇಬೇಕು. ಸಂಘದ ಸಭೆಯಲ್ಲಿ ಅವರು ಒಂದು ಮಾತು ಹೇಳಿದರೆ ನಿಮ್ಮ ಹತ್ತು ಮೆಸೇಜಿಗಿಂತ ಬೇಗ ಊರೆಲ್ಲ ಹರಡುತ್ತದೆ.

ಹಂತ 2: ಹವಾಮಾನ, ದರ ಎಲ್ಲ ಆಮೇಲೆ. ಮೊದಲು ದಾಖಲೆ

ಇದು ಬೇಸರದ ಕೆಲಸ. ಆದರೆ ಇಡೀ ಬರಹದಲ್ಲಿ ರೊಕ್ಕದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ.

ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಈಗ ಅದರ ಮೇಲೆ ಫ್ರೂಟ್ಸ್ ಅನ್ನುವ ರೈತರ ನೋಂದಣಿ ವ್ಯವಸ್ಥೆ ಇದೆ. ಅದರಲ್ಲಿ ಪ್ರತಿ ರೈತರಿಗೂ ಎಫ್‌ಐಡಿ ಎಂದು ಶುರುವಾಗುವ ಒಂದು ನಂಬರ್. ರೈತ ಸಂಪರ್ಕ ಕೇಂದ್ರದ ಸಬ್ಸಿಡಿ ಬೀಜ, ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಬರ ಪರಿಹಾರ ಎಲ್ಲಕ್ಕೂ ಈ ನಂಬರೇ ಬಾಗಿಲು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಆಗ ಪರಿಹಾರ ಹೋಗಿದ್ದು ಫ್ರೂಟ್ಸ್‌ನಲ್ಲಿದ್ದ ವಿವರದ ಮೇಲೆಯೇ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಹೆಚ್ಚೆಂದರೆ 2 ಹೆಕ್ಟೇರಿಗೆ. ನಾಲ್ಕು ಸರ್ವೆ ನಂಬರಿನಲ್ಲಿ ಜಮೀನಿದ್ದು ಎಫ್‌ಐಡಿಗೆ ಒಂದೇ ಸರ್ವೆ ನಂಬರ್ ಸೇರಿಸಿದ್ದವರಿಗೆ ಆ ಒಂದರ ದುಡ್ಡಷ್ಟೇ. ಉಳಿದದ್ದು ಕಂಪ್ಯೂಟರಿಗೆ ಕಾಣಿಸಿದರೆ ತಾನೇ ಕೊಡುವುದು.

ಮನೆಮನೆಗೆ ಹೋಗಿ ನೋಡಬೇಕಾದ್ದು ಇಷ್ಟು:

- ಎಫ್‌ಐಡಿ ಇದೆಯೇ? ಇದ್ದರೆ ಎಲ್ಲ ಸರ್ವೆ ನಂಬರೂ ಅದರಲ್ಲಿವೆಯೇ? ಇಲ್ಲದಿದ್ದರೆ ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಒಯ್ಯಬೇಕು.
- ಆಧಾರ್ ಜೋಡಣೆ ಯಾವ ಬ್ಯಾಂಕಿಗೆ ಆಗಿದೆ? ಸರ್ಕಾರದ ದುಡ್ಡು ಹೋಗುವುದು ಆಧಾರ್‌ಗೆ ಜೋಡಣೆ ಆದ ಖಾತೆಗೆ, ನೀವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗಲ್ಲ. "ನನಗೆ ಬಂದೇ ಇಲ್ಲ" ಅನ್ನುವ ಎಷ್ಟೋ ಜನರ ದುಡ್ಡು ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ.
- ಪಹಣಿ ಯಾರ ಹೆಸರಲ್ಲಿದೆ? ಅಜ್ಜ ತೀರಿಕೊಂಡು ಹತ್ತು ವರ್ಷವಾದರೂ ಖಾತೆ ಅಜ್ಜನದೇ. ಉಳುವವನು ಮೊಮ್ಮಗ. ಅವನಿಗೆ ಎಫ್‌ಐಡಿ ಮಾಡಿಸಲು ಆಗುವುದಿಲ್ಲ. ಇಂಥ ಮನೆಗಳ ಪಟ್ಟಿ ಬೇರೆ ಮಾಡಿ, ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ನಾಡ ಕಚೇರಿಯಲ್ಲಿ ಅರ್ಜಿ ಹಾಕಿಸಿ. ಅಣ್ಣತಮ್ಮಂದಿರ ಜಗಳ ಇದ್ದ ಕಡೆ ಮಾತ್ರ ನೀವು ತಲೆ ಹಾಕಬೇಡಿ. ಅದು ಫೋನಿನಿಂದ ಬಗೆಹರಿಯುವ ವಿಷಯ ಅಲ್ಲ.
- ಪಿಎಂ ಕಿಸಾನ್ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಾತ್ರಿ) ಆಗಿದೆಯೇ? ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರಬೇಕು. ನಿಂತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕೆಲವು ಕೆಲಸಕ್ಕೆ ಹೋಬಳಿಗೆ ಅಲೆಯಬೇಕಿಲ್ಲ, ಊರಿನಲ್ಲೇ ಸರ್ಕಾರಿ ಸೇವೆ ಕೊಡುವ ಕೇಂದ್ರವಾದ ಗ್ರಾಮ ಒನ್‌ನಲ್ಲೇ ಆಗುತ್ತದೆ. ಅಂದಹಾಗೆ ಗ್ರಾಮ ಒನ್ ಮೊದಲು ಪ್ರಯೋಗಕ್ಕೆ ಬಂದಿದ್ದೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ.

ಹಂತ 3: ಬಳಗ ಕಟ್ಟಿ, ಆದರೆ ಓದಿಸಬೇಡಿ, ಕೇಳಿಸಿ

2006ರ ಹೊತ್ತಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಒಂದು ಪ್ರಯೋಗ ಶುರುವಾಯಿತು. ನಮ್ಮ ರಾಜ್ಯದ ಹಳ್ಳಿಗಳಲ್ಲೇ ರೈತರು ತಮ್ಮ ಹೊಲದಲ್ಲಿ ಮಾಡುವ ಕೆಲಸವನ್ನು ವಿಡಿಯೊ ಮಾಡಿ, ಅದನ್ನು ಅಕ್ಕಪಕ್ಕದವರಿಗೆ ಸಂಜೆ ಗುಂಪಾಗಿ ತೋರಿಸುವುದು. ಮುಂದೆ ಅದೇ ಡಿಜಿಟಲ್ ಗ್ರೀನ್ ಎಂಬ ಸಂಸ್ಥೆಯಾಗಿ ಇಥಿಯೋಪಿಯಾದವರೆಗೂ ಹೋಯಿತು. ಅಲ್ಲಿ ಕಂಡುಬಂದ ಮುಖ್ಯ ಸಂಗತಿ ಎರಡು. ವಿಡಿಯೊದಲ್ಲಿ ಕಾಣುವವರು ತಮ್ಮಂಥವರೇ ಆಗಿದ್ದರೆ ಜನ ನಂಬುತ್ತಾರೆ. ಸುಮ್ನೆ ವಿಡಿಯೊ ಹಾಕಿಬಿಟ್ಟರೆ ಸಾಲದು, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಮಾತಾಡಿಸುವ ಒಬ್ಬರು ಬೇಕು. ಇಥಿಯೋಪಿಯಾದವರು 2014ರಲ್ಲಿ 8028 ಎಂಬ ಉಚಿತ ನಂಬರ್ ತೆರೆದರು. ಓದು ಬರಹ ಬಾರದ ರೈತರೂ ಕರೆ ಮಾಡಿ ತಮ್ಮ ಭಾಷೆಯಲ್ಲಿ ಬೆಳೆಯ ಮಾಹಿತಿ ಕೇಳಿಸಿಕೊಳ್ಳಬಹುದು. ಗುಜರಾತಿನ ಹತ್ತಿ ಬೆಳೆಗಾರರಿಗೆ ಆವಾಜ್ ಓಟಲೋ ಎಂಬ ದನಿ ಸೇವೆ ಬಂದಿದ್ದೂ ಹೀಗೆಯೇ. ಬಡ ದೇಶಗಳಲ್ಲಿ ಗೆದ್ದ ಪ್ರಯೋಗಗಳನ್ನು ಸಾಲಾಗಿಟ್ಟು ನೋಡಿದರೆ ಬಹುಪಾಲು ಕಿವಿಯ ಮೇಲೆ ನಿಂತಿವೆ, ಓದಿನ ಮೇಲಲ್ಲ.

ನಮ್ಮ ಬಳಗಕ್ಕೂ ಅದೇ ಲೆಕ್ಕ. ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಇಡಿ. ಪ್ರಶ್ನೆಗಳು ನಿಮ್ಮ ನಂಬರಿಗೆ ನೇರವಾಗಿ ಬರಲಿ. ಇಲ್ಲದಿದ್ದರೆ ಎರಡೇ ವಾರದಲ್ಲಿ ಗುಡ್ ಮಾರ್ನಿಂಗ್, ರಾಜಕೀಯ, ಹುಟ್ಟುಹಬ್ಬ ತುಂಬಿಕೊಂಡು ಎಲ್ಲರೂ ಮ್ಯೂಟ್ ಮಾಡಿಬಿಡುತ್ತಾರೆ.

ದಿನಕ್ಕೆ ಒಂದೇ ಧ್ವನಿ ಸಂದೇಶ, ಒಂದು ನಿಮಿಷದೊಳಗೆ. ಹೊತ್ತು ಬದಲಿಸಬೇಡಿ. ಸಂಜೆ ಏಳೂವರೆ ಅಂದರೆ ಏಳೂವರೆ. ಹೇಳುವ ವಿಷಯ ಇಲ್ಲದ ದಿನ ಸುಮ್ಮನಿರಿ. ಸಂದೇಶ ಹೀಗಿರಲಿ:

"ಎಲ್ಲರಿಗೂ ನಮಸ್ಕಾರ. ಇವತ್ತು ಮಂಗಳವಾರ. ನಾಳೆ, ನಾಡಿದ್ದು ನಮ್ಮ ಹೋಬಳಿಗೆ ಸಾಧಾರಣ ಮಳೆ ಬರುವ ಸಂಭವ ಇದೆ. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಬೇಕೆಂದಿದ್ದವರು ಶುಕ್ರವಾರದವರೆಗೆ ತಡೆಯಿರಿ. ಕಳೆ ತೆಗೆದು ಮುಗಿದಿದ್ದರೆ ಯೂರಿಯಾ ತಂದಿಟ್ಟುಕೊಳ್ಳಿ, ಮಳೆ ನಿಂತು ಹದ ಇದ್ದಾಗ ಹಾಕಬಹುದು. ಏನಾದರೂ ಕೇಳುವುದಿದ್ದರೆ ಎಂಟು ಗಂಟೆಯೊಳಗೆ ನನಗೆ ಫೋನ್ ಮಾಡಿ."

ಇದರಲ್ಲಿ ದಿನ ಇದೆ, ಯಾರಿಗೆ ಅನ್ನುವುದಿದೆ, ಏನು ಮಾಡಬೇಕು ಅನ್ನುವುದಿದೆ. ಮುನ್ಸೂಚನೆಯ ಚಿತ್ರವನ್ನು ಹಾಗೇ ಫಾರ್ವರ್ಡ್ ಮಾಡಿದರೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ದಿನ ಹೇಳುವುದು ಯಾಕೆಂದರೆ ಫಾರ್ವರ್ಡ್ ಆಗುತ್ತಾ ಹೋದ ಸಂದೇಶ ಮುಂದಿನ ವಾರ ಇನ್ನಾವುದೋ ಊರಲ್ಲಿ ಹೊಸದಾಗಿ ಕೇಳಿಸುತ್ತದೆ. "ನಾಳೆ ಮಳೆ" ಅಂದರೆ ಯಾವ ನಾಳೆ?

ಕೀಪ್ಯಾಡ್ ಫೋನಿನವರಿಗೆ ಏನು ಮಾಡುವುದು? ನಾಲ್ಕೈದು ಜನರನ್ನು ಒಂದೇ ಸಲ ಕಾನ್ಫರೆನ್ಸ್ ಕರೆಗೆ ಸೇರಿಸಬಹುದು. ಅದಕ್ಕಿಂತ ಸುಲಭವಾದದ್ದು ಓಣಿಗೊಬ್ಬರನ್ನು ಗೊತ್ತು ಮಾಡುವುದು. ಅವರು ಸಂದೇಶವನ್ನು ಸ್ಪೀಕರ್‌ನಲ್ಲಿ ಹಾಕಿ ಕಟ್ಟೆಯ ಮೇಲೆ ಕೇಳಿಸಲಿ. ಹಾಲಿನ ಡೇರಿಯೂ ಒಳ್ಳೆಯ ಜಾಗ. ಸಂಜೆ ಹಾಲು ಹಾಕಲು ಎಲ್ಲರೂ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿರುತ್ತಾರೆ, ಬೇರೆ ಕೆಲಸ ಇರುವುದಿಲ್ಲ.

ಹಂತ 4: ಮಳೆಯ ಮಾತು

ಎರಡು ಕಡೆಯಿಂದ ಮಾಹಿತಿ ತಗೊಳ್ಳಿ. ಒಂದು, ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್. ಮುಂದಿನ ಐದು ದಿನದ ಮುನ್ಸೂಚನೆ ಮತ್ತು ಮಂಗಳವಾರ, ಶುಕ್ರವಾರ ಬರುವ ಬೆಳೆ ಸಲಹೆ ಅದರಲ್ಲಿರುತ್ತದೆ. ಎರಡು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ, 92433 45433. ನಿಮ್ಮ ಹೋಬಳಿ, ಪಂಚಾಯ್ತಿ ಹೆಸರು ಹೇಳಿದರೆ ಕನ್ನಡದಲ್ಲೇ ಉತ್ತರ. ಈ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಕೂರಿಸಿದ್ದಾರೆ. ಇದು ದೇಶದಲ್ಲೇ ಅಪರೂಪ. ಅಡಿಕೆ, ದಾಳಿಂಬೆಯ ಹವಾಮಾನ ಆಧಾರಿತ ವಿಮೆಗೆ ಈ ಮಾಪಕದ ಲೆಕ್ಕವೇ ಆಧಾರ. ನಿಮ್ಮ ಪಂಚಾಯ್ತಿಯ ಮಾಪಕ ಎಲ್ಲಿದೆ ನೋಡಿಕೊಂಡು ಬನ್ನಿ. ಅದರ ಮೇಲೆ ಗಿಡದ ಕೊಂಬೆ ಬಾಗಿದ್ದರೆ, ಸುತ್ತ ಬಣವೆ ಹಾಕಿದ್ದರೆ ತೆಗೆಸಿ.

ಮಿಲಿಮೀಟರ್ ಅಂದರೆ ಹಿರಿಯರಿಗೆ ಅರ್ಥವಾಗುವುದಿಲ್ಲ, ಕಿರಿಯರಿಗೂ ಅಷ್ಟಕ್ಕಷ್ಟೇ. ಹೀಗೆ ಹೇಳಿ: ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಕೇಳಲು ದೊಡ್ಡದು. ಆದರೆ 3 ಮಿಲಿಮೀಟರ್ ಬಂದರೆ ಧೂಳು ಅಡಗುತ್ತದೆ ಅಷ್ಟೇ, ಬಿತ್ತುವ ಹದ ಆಗುವುದಿಲ್ಲ. ಹವಾಮಾನ ಇಲಾಖೆ "ಹಗುರ ಮಳೆ" ಅಂದರೆ ದಿನಕ್ಕೆ 15.5 ಮಿಲಿಮೀಟರ್‌ವರೆಗೆ, "ಸಾಧಾರಣ" ಅಂದರೆ 64.4ರವರೆಗೆ. ಹಾಗಾಗಿ ಅವರ ಸಾಧಾರಣ ಮಳೆ ನಮ್ಮ ಪಾಲಿಗೆ ಒಡ್ಡು ತುಂಬುವ ಮಳೆಯೂ ಆಗಬಹುದು.

ಬಿತ್ತನೆಯ ದಿನ ಮುನ್ಸೂಚನೆ ನೋಡಿ ನಿರ್ಧರಿಸಿ ಎಂದು ನಾನು ಹೇಳುವುದಿಲ್ಲ. ಮೃಗಶಿರ, ಆರಿದ್ರಾ ಲೆಕ್ಕ ಹಾಕುವ ಅಜ್ಜನ ಹತ್ತಿರ ವಾದಕ್ಕೂ ನಿಲ್ಲಬೇಡಿ. ಬಿತ್ತನೆಗೆ ನೆಲದ ಹದವೇ ದೊಡ್ಡದು, ಅದನ್ನು ಕೈಯಲ್ಲಿ ಮಣ್ಣು ಹಿಡಿದೇ ನೋಡಬೇಕು. ಐದು ದಿನದ ಮುನ್ಸೂಚನೆ ನಿಜವಾಗಿ ರೊಕ್ಕ ಉಳಿಸುವುದು ಮೂರು ಕಡೆ: ಔಷಧಿ ಹೊಡೆಯುವಾಗ, ಮೇಲುಗೊಬ್ಬರ ಹಾಕುವಾಗ, ಕಟಾವಿನಲ್ಲಿ. ಚಳ್ಳಕೆರೆ ಕಡೆ ಶೇಂಗಾ ಕಿತ್ತು ಹೊಲದಲ್ಲೇ ಒಣಹಾಕುತ್ತಾರೆ. ಎರಡು ದಿನ ಜಡಿ ಹಿಡಿದರೆ ಕಾಯಿ ಕಪ್ಪಾಗುತ್ತದೆ, ಹೊಟ್ಟು ದನ ಮೂಸುವುದಿಲ್ಲ. ಕೀಳುವುದನ್ನು ಮೂರು ದಿನ ಮುಂದೂಡಿ ಅನ್ನುವ ಒಂದು ಸಂದೇಶ ಸರಿಯಾದ ಸಂಜೆ ಬಂದರೆ ಸಾಕು, ಆ ವರ್ಷದ ನಿಮ್ಮ ಶ್ರಮ ಸಾರ್ಥಕ.

ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಕುರಿ ಕಾಯುವವರ ಫೋನಿಗೆ ತಪ್ಪದೆ ಹಾಕಿಕೊಡಿ.

ಹಂತ 5: ಬೆಳೆ ಸಮೀಕ್ಷೆ ಮತ್ತು ವಿಮೆ, ಎರಡನ್ನೂ ಒಟ್ಟಿಗೆ ನೋಡಿ

ಇವೆರಡನ್ನು ಬೇರೆ ಬೇರೆ ಅಂದುಕೊಂಡವರಿಗೇ ತೊಂದರೆ ಆಗುವುದು. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನಲ್ಲಿ "ಮೆಕ್ಕೆಜೋಳ" ಅಂತಿದ್ದು, ನೀವು ವಿಮೆ ಕಟ್ಟಿದ್ದು ಶೇಂಗಾಕ್ಕೆ ಎಂದಾದರೆ ಪರಿಹಾರದ ಹೊತ್ತಿಗೆ ಅರ್ಜಿ ತಿರಸ್ಕಾರ ಆಗುತ್ತದೆ.

2020ರಿಂದ ರೈತರು ತಾವೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ಹಾಕಬಹುದು. ಹೊಲದೊಳಗೆ ನಿಂತೇ ಮಾಡಬೇಕು, ಜಿಪಿಎಸ್ ನೋಡುತ್ತದೆ. ಬದುವಿನ ಆಚೆ ನಿಂತರೆ ಪಕ್ಕದವರ ಸರ್ವೆ ನಂಬರ್ ಹಿಡಿಯುತ್ತದೆ. ನಿಂತ ಜಾಗ ಯಾವ ಸರ್ವೆ ನಂಬರ್ ಎಂಬ ಅನುಮಾನ ಇದ್ದರೆ ದಿಶಾಂಕ್ ಆ್ಯಪ್ ತೆರೆದು ನೋಡಿ. ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿನ ತೊಗರಿಯನ್ನೂ ನಮೂದಿಸಿ. ರೈತರು ಮಾಡದಿದ್ದರೆ ಇಲಾಖೆ ಗೊತ್ತು ಮಾಡಿದ ಊರಿನ ಹುಡುಗರು ಬಂದು ಮಾಡುತ್ತಾರೆ. ಅವರು ಏನು ಬರೆದಿದ್ದಾರೆ ಎಂದು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಗಡುವು ಮುಗಿದ ಮೇಲೆ ಯಾರ ಕಾಲು ಹಿಡಿದರೂ ಕಷ್ಟ.

ಫಸಲ್ ಬಿಮಾ ಎಂಬ ಕೇಂದ್ರದ ಬೆಳೆ ವಿಮೆಯಲ್ಲಿ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗೆ ಶೇ. 5. ಕೊನೆ ದಿನಾಂಕ ಬೆಳೆಬೆಳೆಗೂ ಬೇರೆ. ಅದನ್ನು ರೈತ ಸಂಪರ್ಕ ಕೇಂದ್ರದ ಗೋಡೆಯಿಂದ ಬರೆದುಕೊಂಡು ಬಂದು, ಹತ್ತು ದಿನ ಮೊದಲೇ ಬಳಗದಲ್ಲಿ ಹೇಳಲು ಶುರು ಮಾಡಿ. ಕೊನೆ ದಿನ ಸರ್ವರ್ ಕೈಕೊಡುವುದು ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ.

ಎರಡು ಮಾತು ರೈತರಿಗೆ ಬಿಡಿಸಿ ಹೇಳಬೇಕು. ಮುಖ್ಯ ಬೆಳೆಗೆ ಪರಿಹಾರ ನಿಮ್ಮೊಬ್ಬರ ಹೊಲ ನೋಡಿ ಕೊಡುವುದಿಲ್ಲ. ಪಂಚಾಯ್ತಿಯಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ತೆಗೆದು ಲೆಕ್ಕ ಹಾಕುತ್ತಾರೆ. ಆ ಪ್ರಯೋಗ ನಡೆಯುವ ದಿನ ಬಳಗದ ಇಬ್ಬರಾದರೂ ಅಲ್ಲಿ ನಿಂತು ನೋಡಲಿ. ಎರಡನೆಯದು, ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ, ಕೊಯ್ದು ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ ಒಬ್ಬರ ಹೊಲಕ್ಕೂ ಪರಿಹಾರ ಉಂಟು. ಆದರೆ 72 ಗಂಟೆಯೊಳಗೆ ದೂರು ಕೊಟ್ಟಿರಬೇಕು. ನಂಬರ್ 14447. ಫೋನ್ ಮಾಡುವ ಮೊದಲು ವಿಮೆ ಅರ್ಜಿಯ ನಂಬರ್, ಸರ್ವೆ ನಂಬರ್ ಕೈಯಲ್ಲಿರಲಿ. ಹೊಲದ ಫೋಟೊ ತೆಗೆದಿಡಿ. ದೂರಿನ ನಂಬರ್ ಕೊಡುತ್ತಾರೆ, ಅದನ್ನು ನೋಟ್‌ಬುಕ್‌ನಲ್ಲಿ ಅವರ ಸಾಲಿನ ಮುಂದೆ ಬರೆಯಿರಿ.

ಹಂತ 6: ಹುಳದ ಫೋಟೊ

ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೆ ಬಂತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲು ಕಂಡಿದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆಫ್ರಿಕಾದ ರೈತರಿಗಾಗಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ನುರು ಎಂಬ ಆ್ಯಪ್ ಮಾಡಿದವು. ಎಲೆಯ ಮೇಲೆ ಫೋನ್ ಹಿಡಿದರೆ ಇಂಟರ್ನೆಟ್ ಇಲ್ಲದೆಯೇ ಹುಳುವಿನ ಹಾನಿ ಗುರುತಿಸುತ್ತದೆ. ನಮ್ಮ ಕಡೆ ಜನ ಜಾಸ್ತಿ ಬಳಸುವುದು ಪ್ಲಾಂಟಿಕ್ಸ್, ಅದು ಕನ್ನಡದಲ್ಲೂ ಇದೆ. ಬಳಸಿ, ಆದರೆ ಅದರ ಮಾತನ್ನು ಮೊದಲ ಅಂದಾಜು ಎಂದಷ್ಟೇ ತಗೊಳ್ಳಿ. ಸತುವಿನ ಕೊರತೆಯಿಂದ ಮೆಕ್ಕೆಜೋಳದ ಎಲೆಯಲ್ಲಿ ಬಿಳಿ ಪಟ್ಟೆ ಬಂದರೂ ರೋಗ ಅಂದುಕೊಂಡು ಔಷಧಿ ಅಂಗಡಿಗೆ ಓಡುವವರಿದ್ದಾರೆ.

ಕೊನೆಯ ಮಾತು ತರಳಬಾಳು ಕೃಷಿ ವಿಜ್ಞಾನ ಕೇಂದ್ರದ್ದೋ, ಹಿರಿಯೂರು ಬಬ್ಬೂರು ಫಾರಂನ ಕೇಂದ್ರದ್ದೋ, ನಿಮ್ಮ ಹೋಬಳಿಯ ಕೃಷಿ ಅಧಿಕಾರಿಯದೋ ಇರಲಿ. ಅವರಿಗೆ ಕಳಿಸುವ ಫೋಟೊ ಚೆನ್ನಾಗಿದ್ದರೆ ಉತ್ತರವೂ ಚೆನ್ನಾಗಿರುತ್ತದೆ. ನೆತ್ತಿ ಬಿಸಿಲಲ್ಲಿ ತೆಗೆದ, ಗಾಳಿಗೆ ಅಲ್ಲಾಡಿದ, ಲೆನ್ಸ್ ಮೇಲೆ ಬೆವರಿನ ಗುರುತಿರುವ ಫೋಟೊ ಕಳಿಸಿ "ಸಾರ್ ಏನು ಹೊಡೀಬೇಕು" ಅಂದರೆ ಅವರು ತಾನೇ ಏನು ಹೇಳಿಯಾರು?

ಟವೆಲಿನ ತುದಿಯಿಂದ ಲೆನ್ಸ್ ಒರೆಸಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ತೆಗೆಯಿರಿ. ಬಿಸಿಲಿದ್ದರೆ ಗಿಡಕ್ಕೆ ಬೆನ್ನು ಅಡ್ಡ ಮಾಡಿ ನೆರಳು ಕೊಡಿ. ನಾಲ್ಕು ಫೋಟೊ ಬೇಕು: ಸಾಲು ಕಾಣುವಂತೆ ಹೊಲ, ಇಡೀ ಗಿಡ, ಸುಳಿಯ ಒಳಭಾಗ, ಎಲೆಯ ಅಡಿ. ಹುಳ ಸಿಕ್ಕರೆ ಅಂಗೈ ಮೇಲೆ ಇಟ್ಟು ಹತ್ತಿರದಿಂದ ಇನ್ನೊಂದು. ಸೈನಿಕ ಹುಳುವಾದರೆ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಹಿಂಬದಿಯ ತುದಿಗೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿರುತ್ತದೆ. ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಮಸುಕಾಗುವುದಿಲ್ಲ. ಜೊತೆಗೆ ಬಿತ್ತಿ ಎಷ್ಟು ದಿನ ಆಯಿತು, ಯಾವ ತಳಿ, ಇಲ್ಲಿಯವರೆಗೆ ಏನು ಹೊಡೆದಿದ್ದೀರಿ ಎಂದು ಧ್ವನಿಯಲ್ಲಿ ಹೇಳಿ. ಯಾರೂ ಸಿಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲಿ ಮಾತಾಡಬಹುದು.

ಔಷಧಿಯ ಪ್ರಮಾಣ ಬಳಗಕ್ಕೆ ಹಾಕುವಾಗ ಮೈಯೆಲ್ಲ ಕಣ್ಣಾಗಿರಲಿ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ ಶೇ. 5 ಎಸ್‌ಜಿ ಲೀಟರಿಗೆ 0.4 ಗ್ರಾಂ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಂದರೆ 16 ಲೀಟರಿನ ಒಂದು ಟ್ಯಾಂಕಿಗೆ ಆರು ಗ್ರಾಂ ಚಿಲ್ಲರೆ. ರೈತರು ಲೀಟರ್ ಲೆಕ್ಕ ಹಾಕುವುದಿಲ್ಲ, ಟ್ಯಾಂಕ್ ಲೆಕ್ಕ ಹಾಕುತ್ತಾರೆ. ಟ್ಯಾಂಕ್ ಎಷ್ಟು ಲೀಟರಿನದು ಎಂದು ಕೇಳಿ, ಅವರ ಟ್ಯಾಂಕಿಗೆ ಎಷ್ಟು ಎಂದೇ ಹೇಳಿ. ಸುಳಿಯೊಳಗೆ ಬೀಳುವಂತೆ ಹೊಡೆಯಬೇಕು ಅನ್ನುವುದನ್ನೂ ಸೇರಿಸಿ. ಎಲೆ ಮೇಲೆ ಸಿಂಪಡಿಸಿದರೆ ಹುಳ ಒಳಗೆ ಹಾಯಾಗಿರುತ್ತದೆ.

ಹಂತ 7: ಬೋರ್‌ವೆಲ್ ಇದ್ದವರಿಗೆ

ತ್ರೀಫೇಸ್ ಕರೆಂಟ್ ರಾತ್ರಿ ಬರುವ ಕಡೆ ಫೋನಿನಿಂದಲೇ ಮೋಟರ್ ಶುರು ಮಾಡುವ ಮೊಬೈಲ್ ಸ್ಟಾರ್ಟರ್ ಒಳ್ಳೆಯ ಸಾಧನ. ಹಾವು, ಕರಡಿ, ಕೆಸರು ತುಳಿದು ಹೋಗುವುದು ತಪ್ಪುತ್ತದೆ. ತಗೊಳ್ಳುವಾಗ ನೀರು ಕಡಿಮೆಯಾದರೆ ತಾನೇ ಮೋಟರ್ ನಿಲ್ಲಿಸುವ ಡ್ರೈ ರನ್ ಸೌಲಭ್ಯ ಇದೆಯೇ ಕೇಳಿ. ಚಿತ್ರದುರ್ಗದ ಕಡೆಯ ಬೋರಿಗೆ ಅದಿಲ್ಲದ ಸ್ಟಾರ್ಟರ್ ಕೊಳ್ಳಬೇಡಿ, ಮೋಟರ್ ಸುಟ್ಟರೆ ಮೇಲೆತ್ತುವ ಖರ್ಚೇ ಸ್ಟಾರ್ಟರಿನ ಬೆಲೆಗಿಂತ ಜಾಸ್ತಿ. ಅದರೊಳಗಿನ ಸಿಮ್ ರೀಚಾರ್ಜ್ ದಿನವನ್ನೂ ನಿಮ್ಮ ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 8: ದರ

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಇದನ್ನು ಹಿಂದಿಟ್ಟಿದ್ದಕ್ಕೆ ಕಾರಣ ಇದೆ.

1997ರಿಂದ 2001ರವರೆಗೆ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ ಬೂತಾಯಿ ಮೀನುಗಾರರು ಸಮುದ್ರದಿಂದಲೇ ಫೋನ್ ಮಾಡಿ, ಯಾವ ದಡದಲ್ಲಿ ಬೆಲೆ ಇದೆಯೋ ಅಲ್ಲಿಗೆ ದೋಣಿ ತಿರುಗಿಸಿದರು. ಊರೂರಿಗೂ ಇದ್ದ ಬೆಲೆ ವ್ಯತ್ಯಾಸ ಇಳಿಯಿತು, ಮೀನು ಎಸೆಯುವುದು ನಿಂತಿತು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಬರೆದ ಈ ಅಧ್ಯಯನ ಜಗತ್ತೆಲ್ಲ ಹೆಸರಾಯಿತು. ಫೋನ್ ಕೊಟ್ಟರೆ ರೈತ ಉದ್ಧಾರ ಎಂದು ಎಲ್ಲರೂ ನಂಬಿದರು. ಆಮೇಲೆ ಮಹಾರಾಷ್ಟ್ರದ ನೂರು ಹಳ್ಳಿಗಳಲ್ಲಿ ರೈತರಿಗೆ ದರ ಮತ್ತು ಹವಾಮಾನದ ಎಸ್‌ಎಂಎಸ್ ಸೇವೆ ಕೊಟ್ಟು ನೋಡಿದರು. 2012ರಲ್ಲಿ ಫಲಿತಾಂಶ ಬಂತು. ರೈತರಿಗೆ ಸಿಕ್ಕ ಬೆಲೆಯಲ್ಲಿ ಸರಾಸರಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಯಾಕೆ ಹೀಗೆ? ನನಗನ್ನಿಸುವುದು ಇಷ್ಟು. ಮೀನುಗಾರನ ದೋಣಿ ಅವನದೇ, ತಿರುಗಿಸಬಹುದು. ನಮ್ಮ ರೈತನ ಮೆಕ್ಕೆಜೋಳ ಬಿತ್ತುವಾಗಲೇ ಬೀಜ, ಗೊಬ್ಬರ ಸಾಲ ಕೊಟ್ಟ ಅಂಗಡಿಗೆ ಕಟ್ಟಿಹಾಕಿಕೊಂಡಿರುತ್ತದೆ. ಟ್ರ್ಯಾಕ್ಟರ್ ಬಾಡಿಗೆಯದು. ದರ ಗೊತ್ತಾದರೂ ಮಾಡುವುದೇನು?

ಹಾಗಾಗಿ ದರ ಹಾಕುವ ಮೊದಲು ಅದನ್ನು ಬಳಸುವ ದಾರಿ ಮಾಡಿಕೊಳ್ಳಿ. ನಾಲ್ಕೈದು ಮನೆಯವರು ಒಟ್ಟಿಗೆ ಲೋಡ್ ಹೊಂದಿಸಿದರೆ ಬಾಡಿಗೆ ಹಂಚಿಹೋಗುತ್ತದೆ. ಯಾರದು ಯಾವ ಬೆಳೆ ಅನ್ನುವುದು ನಿಮ್ಮ ನೋಟ್‌ಬುಕ್‌ನಲ್ಲೇ ಇದೆ. ಇನ್ನು ದರವನ್ನು ಅಗ್‌ಮಾರ್ಕ್‌ನೆಟ್ ಅಥವಾ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ನೋಡುವಾಗ ಗರಿಷ್ಠ ದರ ಬಿಡಿ, ಮಾದರಿ ದರ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ದರ ನೋಡಿ. ಗರಿಷ್ಠ ದರ ಯಾವನೋ ಒಬ್ಬನ ಒಣಗಿದ ಒಳ್ಳೆ ಮಾಲಿಗೆ ಸಿಕ್ಕಿದ್ದು. ಅದನ್ನು ಬಳಗದಲ್ಲಿ ಹಾಕಿದರೆ ಉಳಿದವರೆಲ್ಲ ಮಂಡಿಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ.

ತೇವಾಂಶದ ಲೆಕ್ಕ ಒಂದನ್ನು ಮಾಡಿ ತೋರಿಸಿ. ಶೇ. 18 ತೇವ ಇರುವ 100 ಕ್ವಿಂಟಲ್ ಮೆಕ್ಕೆಜೋಳ ಇದೆ ಅನ್ನಿ. ಅದನ್ನು ಶೇ. 14ಕ್ಕೆ ಒಣಗಿಸಿದರೆ ತೂಕ ಸುಮಾರು 95.35 ಕ್ವಿಂಟಲ್‌ಗೆ ಇಳಿಯುತ್ತದೆ. ಹಸಿ ಮಾಲಿಗೆ 2,000, ಒಣಗಿದ್ದಕ್ಕೆ 2,150 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹಸಿಯದಕ್ಕೆ 2,00,000 ಬಂದರೆ ಒಣಗಿದ್ದಕ್ಕೆ ಸುಮಾರು 2,05,000. ಅಂತರ ಐದು ಸಾವಿರ. ಒಣಗಿಸುವ ಕೂಲಿ ಅದಕ್ಕಿಂತ ಕಡಿಮೆಯಾದರೆ ಒಣಗಿಸಿ, ಇಲ್ಲದಿದ್ದರೆ ಹಾಗೇ ಕೊಡಿ. "ಒಣಗಿಸಿದರೆ ಲಾಭ" ಎಂದು ಕಣ್ಣು ಮುಚ್ಚಿ ಹೇಳುವವರಿಗೂ, "ತೂಕ ಹೋಗುತ್ತೆ" ಎಂದು ಹೆದರುವವರಿಗೂ ಈ ಲೆಕ್ಕ ಸಾಕು.

ಬೆಂಬಲ ಬೆಲೆ 2025-26ಕ್ಕೆ ಮೆಕ್ಕೆಜೋಳಕ್ಕೆ 2,400, ಶೇಂಗಾಕ್ಕೆ 7,263 ರೂಪಾಯಿ ಇತ್ತು. ಘೋಷಣೆ ಆದ ಮಾತ್ರಕ್ಕೆ ಮಂಡಿಯಲ್ಲಿ ಅದು ಸಿಗುವುದಿಲ್ಲ. ಖರೀದಿ ಕೇಂದ್ರ ತೆರೆಯಬೇಕು, ಹೆಸರು ನೋಂದಾಯಿಸಬೇಕು. ನೋಂದಣಿಗೆ ಏನು ಕೇಳುತ್ತಾರೆ? ಎಫ್‌ಐಡಿ ಮತ್ತು ಬೆಳೆ ಸಮೀಕ್ಷೆ. ಎರಡನೇ ಹಂತ, ಐದನೇ ಹಂತ ಮುಗಿಸಿದವರು ಆ ದಿನ ಸಾಲಿನಲ್ಲಿ ಮುಂದಿರುತ್ತಾರೆ.

ಹಂತ 9: ಮೋಸ

"ಪಿಎಂ ಕಿಸಾನ್" ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಫೈಲ್, ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಮುಟ್ಟಬೇಡಿ. ಒತ್ತಿದರೆ ಫೋನಿನೊಳಗಿನ ಒಟಿಪಿ ಎಲ್ಲ ಅವರ ಕೈಗೆ. ಹೆಚ್ಚಾಗಿ ಅದು ಗುರುತಿನವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನ್ ಆಗಲೇ ಕೆಟ್ಟಿರುತ್ತದೆ. ಬಳಗದ ನಿಯಮ ಒಂದೇ: ಇಲ್ಲಿ ಯಾರೂ ಫೈಲ್, ಲಿಂಕ್ ಹಾಕುವುದಿಲ್ಲ, ಅಡ್ಮಿನ್ ಕೂಡ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಓಡಿ. ಗಂಟೆಗಳೂ ಮುಖ್ಯ.

ನೀವೂ ಎಚ್ಚರದಿಂದಿರಿ. ಬೇರೆಯವರ ಆಧಾರ್ ಜೆರಾಕ್ಸ್, ಪಾಸ್‌ಬುಕ್ ಫೋಟೊ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಬೇಡಿ. ಕೆಲಸ ಆದ ಕೂಡಲೇ ಅವರ ಎದುರಿಗೇ ಅಳಿಸಿ. ಪಿನ್ ನಂಬರನ್ನು ಅವರೇ ಒತ್ತಲಿ. ಅಜ್ಜಿ ಎಷ್ಟೇ ನಂಬಿ "ನೀನೇ ಒತ್ತಪ್ಪಾ" ಅಂದರೂ ಒತ್ತಬೇಡಿ. ಒಂದು ದಿನ ಲೆಕ್ಕ ತಪ್ಪಿದರೆ ಮೊದಲು ಕೇಳುವುದು ನಿಮ್ಮನ್ನೇ.

ಹಂತ 10: ಖರ್ಚು ಮತ್ತು ನಿಮ್ಮ ನಂತರ ಯಾರು

ಪುಕ್ಕಟೆ ಮಾಡುವ ಕೆಲಸ ಒಂದು ಮುಂಗಾರು ನಡೆಯುತ್ತದೆ, ಎರಡನೆಯದಕ್ಕೆ ಸೊರಗುತ್ತದೆ. ನಿಮ್ಮ ರೀಚಾರ್ಜ್, ಹೋಬಳಿಗೆ ಓಡಾಡುವ ಪೆಟ್ರೋಲ್, ನೋಟ್‌ಬುಕ್ ಇಷ್ಟನ್ನಾದರೂ ಬಳಗ ಕೊಡಬೇಕು. ಮನೆಗೆ ವರ್ಷಕ್ಕಿಷ್ಟು ಎಂದು ಯುಗಾದಿಯಲ್ಲೇ ಮಾತಾಡಿಕೊಳ್ಳಿ. ಹಾಲಿನ ಸಂಘವೋ ರೈತ ಉತ್ಪಾದಕರ ಕಂಪನಿಯೋ ಇದ್ದರೆ ಅವರ ಮೂಲಕ ಹೋಗುವುದು ಇನ್ನೂ ವಾಸಿ. ಬೀಜ, ಔಷಧಿ ಅಂಗಡಿಯವರು ರೀಚಾರ್ಜ್ ಮಾಡಿಸುತ್ತೇವೆ ಎಂದು ಬರುತ್ತಾರೆ. ಬೇಡ ಅನ್ನಿ. ಅವರ ದುಡ್ಡು ತಗೊಂಡ ಮರುದಿನದಿಂದ ನಿಮ್ಮ ಔಷಧಿ ಸಲಹೆಯನ್ನು ಯಾರೂ ನಂಬುವುದಿಲ್ಲ.

ನಿಮಗೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸ ಸಿಗಬಹುದು, ಮದುವೆಯಾಗಿ ಬೇರೆ ಊರಿಗೆ ಹೋಗಬಹುದು. ಅದಕ್ಕೆ ಮೊದಲ ವರ್ಷದಿಂದಲೇ ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ವಾರದಲ್ಲಿ ಒಂದು ದಿನ ಸಂದೇಶ ಅವರೇ ಹೇಳಲಿ, ಜನರಿಗೆ ಆ ದನಿಯೂ ರೂಢಿಯಾಗಲಿ. ವಾಟ್ಸಾಪ್ ಗುಂಪಿಗೆ ಇಬ್ಬರೂ ಅಡ್ಮಿನ್ ಆಗಿರಿ. ಬಳಗದ ನಂಬರಿಗೆ ನಿಮ್ಮ ಸ್ವಂತ ಸಿಮ್ ಬೇಡ, ಬೇರೆ ಸಿಮ್ ತಗೊಳ್ಳಿ. ನೀವು ಊರು ಬಿಡುವಾಗ ಆ ಸಿಮ್ಮನ್ನೂ ನೋಟ್‌ಬುಕ್ಕನ್ನೂ ಒಟ್ಟಿಗೆ ಕೊಟ್ಟು ಹೋಗಿ.